ಒಂದೇ ಕಥೆ, ನಾಲ್ಕು ಸಿನಿಮಾ: ಬರ್ಟ್ ಕೆನೆಡಿ ದೊಡ್ಡ ಚಿತ್ರಕಥೆಗಾರನೇ?

ಪರ

ಮಳೆಯ ರಾತ್ರಿ. ಬಂಡೆಯ ಮರೆಯಲ್ಲಿ ಇಬ್ಬರು ಬೆಂಕಿ ಹಾಕಿಕೊಂಡು ಕುಳಿತಿದ್ದಾರೆ. ತೊಯ್ದು ತೊಪ್ಪೆಯಾದ ಮೂರನೆಯವನೊಬ್ಬ ಬಂದು ಕೂರುತ್ತಾನೆ, ಕಾಫಿ ಕುಡಿಯುತ್ತಾನೆ. ಮಾತು ಬೇರೊಂದು ಊರಿನಲ್ಲಿ ನಡೆದ ಕೊಲೆಯ ಕಡೆಗೆ ಹೊರಳುತ್ತದೆ. ಕೊಂದವರು ಸಿಕ್ಕಿಬಿದ್ದರೇ ಎಂದು ಕುಳಿತವರು ವಿಚಾರಿಸುತ್ತಾರೆ. ಇಬ್ಬರು ಸಿಕ್ಕರು ಎನ್ನುತ್ತಾನೆ ಬಂದವನು. ಮರುಕ್ಷಣ ನಮಗೆ ಕಾಣುವುದು ಹೊರಗೆ ನಿಂತ ಕುದುರೆಗಳು. ಕೇಳುವುದು ಗುಂಡಿನ ಸದ್ದು.

1956ರ ಹಾಲಿವುಡ್ ವೆಸ್ಟರ್ನ್ (ಕುದುರೆ, ಬಂದೂಕಿನ ಕೌಬಾಯ್ ಚಿತ್ರ) 'ಸೆವೆನ್ ಮೆನ್ ಫ್ರಮ್ ನೌ' ಶುರುವಾಗುವುದು ಹೀಗೆ. ನಾಯಕ ಎಂಥವನು, ಯಾವ ಕೆಲಸಕ್ಕೆ ಹೊರಟವನು ಎಂಬುದು ಬಟ್ಟಲಿನ ಕಾಫಿ ಆರುವುದರೊಳಗೆ ತಿಳಿದುಹೋಗುತ್ತದೆ. ಬರ್ಟ್ ಕೆನೆಡಿ ಇದನ್ನು ಬರೆದದ್ದು ನಟ ಜಾನ್ ವೇನ್‌ನ ಕಂಪನಿಗೆ. ನಾಯಕನ ಪಾತ್ರ ರ‍್ಯಾಂಡಾಲ್ಫ್ ಸ್ಕಾಟ್‌ಗೆ ಹೋಯಿತು, ನಿರ್ದೇಶನ ಬಡ್ ಬೋಟಿಕರ್‌ಗೆ. ಇದೇ ಮೂವರ ಜೋಡಣೆಯಲ್ಲಿ 'ದ ಟಾಲ್ ಟಿ' (1957), 'ರೈಡ್ ಲೋನ್‌ಸಮ್' (1959), 'ಕಮಾಂಚಿ ಸ್ಟೇಷನ್' (1960) ಬಂದವು. ಯಾವುದೂ ಎಂಬತ್ತು ನಿಮಿಷ ಮುಟ್ಟುವುದಿಲ್ಲ. ಕ್ಯಾಲಿಫೋರ್ನಿಯಾದ ಲೋನ್ ಪೈನ್ ಊರಿನ ಪಕ್ಕದ ಬಂಡೆಗಳೇ ಸೆಟ್ಟು.

ಹಣವಿಲ್ಲದ ಕಡೆ ಜನರನ್ನೂ ಊರುಗಳನ್ನೂ ಬರೆಯುವಂತಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಿದ ಕೆನೆಡಿ, ಐದಾರು ಜನರನ್ನು ಕುದುರೆ ಹತ್ತಿಸಿ, ಒಬ್ಬರನ್ನೊಬ್ಬರು ಅಳೆಯಲು ಬಿಟ್ಟ. ಅವನ ಖಳರನ್ನು ನೋಡಿ: ನಗಿಸುತ್ತಾರೆ, ನಾಯಕನನ್ನು ಮೆಚ್ಚುತ್ತಾರೆ, ಕೊನೆಗೆ ಅವನೆದುರೇ ಬಂದೂಕು ಎತ್ತುತ್ತಾರೆ. ಮೊದಲ ಚಿತ್ರದಲ್ಲಿ ಖಳನಾದ ಲೀ ಮಾರ್ವಿನ್ ಬಂಡಿಯೊಳಗೆ ಕುಳಿತು, ಯಾರದೋ ಸಂಸಾರದ ಕಥೆ ಎಂಬಂತೆ, ಎದುರಿಗಿರುವ ಗಂಡನ ಮಾನವನ್ನು ಅವನ ಹೆಂಡತಿಯ ಮುಂದೆಯೇ ಹರಾಜಿಗಿಡುತ್ತಾನೆ. ಕೈ ಸೊಂಟದ ಬಂದೂಕಿಗೆ ಹೋಗುವುದೇ ಇಲ್ಲ. ಆದರೂ ಅದಕ್ಕಿಂತ ಕ್ರೂರ ದೃಶ್ಯ ಆ ಚಿತ್ರದಲ್ಲಿಲ್ಲ.

'ಕಮಾಂಚಿ ಸ್ಟೇಷನ್'ನಲ್ಲಿ ಅಪಹೃತಳಾದ ಹೆಂಗಸನ್ನು ಹುಡುಕಲು ಗಂಡ ತಾನೇ ಬರದೆ ಬಹುಮಾನ ಘೋಷಿಸಿದ್ದಾನೆ. ಅವನೆಂಥ ಗಂಡಸು ಎಂದು ದಾರಿಯುದ್ದಕ್ಕೂ ಹಂಗಿಸುವವರಿದ್ದಾರೆ. ಪ್ರೇಕ್ಷಕರಾದ ನಾವೂ ಮನಸ್ಸಿನಲ್ಲೇ ದನಿಗೂಡಿಸುತ್ತೇವೆ. ಕೊನೆಯಲ್ಲಿ ಅವನು ಮನೆಬಾಗಿಲಿಗೆ ಬರುತ್ತಾನೆ. ಕಣ್ಣು ಕಾಣದವನು. ಕೆನೆಡಿ ಅದರ ಬಗ್ಗೆ ಯಾರ ಬಾಯಿಂದಲೂ ವಿವರಣೆ ಹೇಳಿಸುವುದಿಲ್ಲ. ನಾಯಕ ಬಹುಮಾನದ ಮಾತೆತ್ತದೆ ಕುದುರೆ ತಿರುಗಿಸುತ್ತಾನೆ. ಕಥೆ ಒಂದೇ ಎನ್ನುವವರು ಈ ಮನೆಯಂಗಳದಲ್ಲಿ ಒಂದು ನಿಮಿಷ ನಿಂತು ನೋಡಬೇಕು.

ವಿರೋಧ

ಕಣ್ಣು ಕಾಣದ ಆ ಗಂಡನನ್ನು ನಾನೂ ಮರೆತಿಲ್ಲ. ಆದರೆ ಅಲ್ಲಿಯವರೆಗೆ ಬರಲು ಅದೇ ಬೆಂಕಿ, ಅದೇ ಕಾಫಿ, ಬಂಡೆಗಳ ನಡುವಿನ ಅದೇ ಕೊನೆಯ ಮುಖಾಮುಖಿ. ಮೊದಲನೆಯ ಸಲ ಮಿತವ್ಯಯ ಎನ್ನಿ, ಒಪ್ಪುತ್ತೇನೆ. ನಾಲ್ಕನೆಯ ಸಲಕ್ಕೆ ಅದು ಅರೆದದ್ದನ್ನೇ ಅರೆಯುವುದು.

ಇನ್ನು ಹೆಂಡತಿಯರ ಲೆಕ್ಕ. ನಾಲ್ಕರಲ್ಲಿ ಮೂರು ಚಿತ್ರಗಳ ನಾಯಕನ ಹೆಂಡತಿ ಕಥೆ ಶುರುವಾಗುವ ಮೊದಲೇ ಹೋಗಿಯಾಗಿದೆ: ಒಬ್ಬಳಿಗೆ ದರೋಡೆಯಲ್ಲಿ ಗುಂಡು ತಗುಲಿದೆ, ಒಬ್ಬಳನ್ನು ಮರಕ್ಕೆ ನೇಣು ಹಾಕಿದ್ದಾರೆ, ಮತ್ತೊಬ್ಬಳನ್ನು ಅಮೆರಿಕದ ಮೂಲನಿವಾಸಿಗಳಾದ ಕಮಾಂಚಿಗಳು ಹೊತ್ತೊಯ್ದಿದ್ದಾರೆ. ಗಂಡಸು ಮೌನವಾಗಿ ಕುದುರೆ ಓಡಿಸಲು ಒಂದು ಕಾರಣ ಬೇಕಿತ್ತು, ಅಷ್ಟೇ. ಹೆಂಗಸರ ಪಾಡೇ ಹೀಗಿರುವಾಗ, ಕಮಾಂಚಿಗಳ ಕಡೆಯ ಮಾತು ಏನಿತ್ತು ಎಂದು ಕೇಳುವ ಗೋಜಿಗೆ ಕೆನೆಡಿ ಹೋಗಿಲ್ಲ.

ಖಳರ ಸೊಗಸಿನ ಬಗ್ಗೆ ಮಾತನಾಡುವಾಗ ಇನ್ನೊಂದು ನೆನಪಿರಲಿ. 'ದ ಟಾಲ್ ಟಿ'ಯ ಮೂಲ ಅಮೆರಿಕದ ಕಾದಂಬರಿಕಾರ ಎಲ್ಮೋರ್ ಲೆನರ್ಡ್ 1955ರಲ್ಲಿ ಪ್ರಕಟಿಸಿದ ಕಥೆ. ನಾಲ್ಕರಲ್ಲಿ ನನಗೆ ಅತ್ಯಂತ ಗಟ್ಟಿ ಎನಿಸುವುದೂ ಅದೇ. ಎರವಲು ಕಥೆ ಸ್ವಂತದ್ದಕ್ಕಿಂತ ಗಟ್ಟಿಯಾಗಿದ್ದರೆ ಬೆನ್ನು ತಟ್ಟಬೇಕಾದದ್ದು ಯಾರದು?

1960ರ ನಂತರ ಕೆನೆಡಿ ತಾನೇ ನಿರ್ದೇಶಕನಾದ. 'ದ ವಾರ್ ವ್ಯಾಗನ್' (1967) ಥರದ ಹಗುರ ಚಿತ್ರಗಳು ಬಂದವು, ದುಡ್ಡಿಗೂ ದೊಡ್ಡ ತಾರೆಯರಿಗೂ ಕೊರತೆಯಿರಲಿಲ್ಲ. ಹಳೆಯ ಬಿಗಿ ಮಾತ್ರ ಮರಳಲಿಲ್ಲ. ನಿರ್ದೇಶಕನಾಗಿ ಜನ ಅವನನ್ನು ಪ್ರೀತಿಯಿಂದ ನೆನೆಯುವ 1969ರ 'ಸಪೋರ್ಟ್ ಯುವರ್ ಲೋಕಲ್ ಶೆರಿಫ್!' ಚಿತ್ರಕಥೆ ಬರೆದವನು ವಿಲಿಯಂ ಬವರ್ಸ್. ಹಾಗಾದರೆ ಆ ಬಿಗಿ ಕೆನೆಡಿಯ ಲೇಖನಿಯದೋ, ಬೋಟಿಕರ್‌ನ ಕಣ್ಣಿನದೋ, ಸ್ಕಾಟ್‌ನ ಒಣಗಿದ ಮುಖದ್ದೋ?

'ರೈಡ್ ಲೋನ್‌ಸಮ್'ನ ಕೊನೆಯಲ್ಲಿ ನಾಯಕ ತನ್ನ ಹೆಂಡತಿಯನ್ನು ನೇಣು ಹಾಕಿದ ಮರಕ್ಕೆ ಬೆಂಕಿ ಇಡುತ್ತಾನೆ. ಕ್ಯಾಮೆರಾ ಹೊಗೆಯ ಜೊತೆಗೇ ಮೇಲೇರುತ್ತದೆ. ಮರ ಸುಡಬೇಕೆಂದು ಬರೆದದ್ದು ಕೆನೆಡಿಯೇ ಇರಬಹುದು, ಮೇಲೇರಿದವನು ಬೋಟಿಕರ್.