ಒಂದರಿಂದ ಐದನೇ ತರಗತಿಗೂ ಪಿಟಿ ಮೇಷ್ಟ್ರು ಬೇಕಾ?

ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ, ಮಕ್ಕಳ ಸಂಖ್ಯೆ ಚೆನ್ನಾಗಿದ್ದರೆ, ದೈಹಿಕ ಶಿಕ್ಷಣ ಶಿಕ್ಷಕರು ಇರುತ್ತಾರೆ. ಒಂದರಿಂದ ಐದರವರೆಗಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಸಾಮಾನ್ಯವಾಗಿ ಆ ಹುದ್ದೆಯೇ ಇರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಕೂಡ ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಮಾತ್ರ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕು ಎನ್ನುತ್ತದೆ. ಸಣ್ಣ ಮಕ್ಕಳ ವಿಷಯಕ್ಕೆ ಬಂದರೆ ಮೈದಾನ ಇರಬೇಕು, ಆಟದ ಸಾಮಾನು ಇರಬೇಕು ಅನ್ನುವಷ್ಟಕ್ಕೆ ಮುಗಿಯುತ್ತದೆ. ಹಾಗಾದರೆ ಈ ಮಕ್ಕಳಿಗೂ ಪ್ರತ್ಯೇಕ ದೈಹಿಕ ಶಿಕ್ಷಕರು ಬೇಕಾ? ತರಗತಿಯ ಟೀಚರೇ ಆಡಿಸಿದರೆ ಸಾಕಾ?

ಪರ: ಚೆಂಡು ಹಿಡಿಯುವುದನ್ನೂ ಕಲಿಸಬೇಕು

ಮಕ್ಕಳು ತಾವಾಗಿಯೇ ಆಡುತ್ತಾರೆ, ಅದಕ್ಕೊಬ್ಬ ಮೇಷ್ಟ್ರು ಯಾಕೆ ಅಂತ ಕೇಳುವವರು ಬಹಳ ಜನ. ಅವರು ಒಂದು ಸಲ ಎರಡನೇ ತರಗತಿಯ ಮಕ್ಕಳ ಕಡೆ ಮೆಲ್ಲಗೆ ಚೆಂಡು ಎಸೆದು ನೋಡಲಿ. ಕೆಲವರು ಕಣ್ಣು ಮುಚ್ಚಿ ಮುಖ ತಿರುಗಿಸುತ್ತಾರೆ. ಕೆಲವರು ಎರಡೂ ತೋಳು ಚಾಚಿ ಎದೆಗೆ ಅವುಚಿಕೊಳ್ಳಲು ನೋಡುತ್ತಾರೆ, ಅಷ್ಟರಲ್ಲಿ ಚೆಂಡು ನೆಲಕ್ಕೆ ಬಿದ್ದಿರುತ್ತದೆ. ಒಬ್ಬಿಬ್ಬರು ಮಾತ್ರ ಬೆರಳಲ್ಲಿ ಹಿಡಿಯುತ್ತಾರೆ. ಅವರ ಮನೆಯಲ್ಲಿ ಅಣ್ಣನೋ ಅಪ್ಪನೋ ಆಡಿಸಿರುತ್ತಾರೆ. ಉಳಿದವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಓಡುವುದು, ಜಿಗಿಯುವುದು, ಎಸೆಯುವುದು, ಹಿಡಿಯುವುದು, ಒಂಟಿಕಾಲಲ್ಲಿ ಬೀಳದೆ ನಿಲ್ಲುವುದು. ಇವೆಲ್ಲ ವಯಸ್ಸಾದ ಹಾಗೆ ತಾವಾಗಿಯೇ ಪಕ್ಕಾ ಆಗುವುದಿಲ್ಲ. ಅಭ್ಯಾಸ ಬೇಕು, ತಿದ್ದುವವರು ಬೇಕು, ಅದಕ್ಕೆ ಒಳ್ಳೆಯ ವಯಸ್ಸು ಈ ಪ್ರಾಥಮಿಕ ಶಾಲೆಯ ವರ್ಷಗಳೇ. ಕಲಿಸುವುದಕ್ಕೂ ಒಂದು ಕ್ರಮ ಇದೆ. ಮೊದಲು ದೊಡ್ಡ, ಮೆತ್ತನೆಯ ಚೆಂಡನ್ನು ನೆಲದ ಮೇಲೆ ಉರುಳಿಸಿ ಹಿಡಿಸಬೇಕು. ಆಮೇಲೆ ಒಂದು ಪುಟಿತ ಬಿದ್ದು ಬಂದದ್ದನ್ನು. ಕೊನೆಗೆ ಸಣ್ಣ ಚೆಂಡನ್ನು ಗಾಳಿಯಲ್ಲೇ. ಬಲಗೈಯಲ್ಲಿ ಎಸೆಯುವ ಮಗುವಿನ ಎಡಗಾಲು ಮುಂದೆ ಬರಬೇಕು, ಸೊಂಟ ತಿರುಗಬೇಕು. ಜಿಗಿದು ಇಳಿಯುವಾಗ ಮೊಣಕಾಲು ಮಡಿಸಬೇಕು, ಇಲ್ಲದಿದ್ದರೆ ಪೆಟ್ಟೆಲ್ಲ ಕೀಲಿಗೆ. ಮಗು ಬಳಪ ಹಿಡಿದ ರೀತಿ ತಪ್ಪಾಗಿದ್ದರೆ ಒಂದನೇ ತರಗತಿಯ ಟೀಚರ್‌ಗೆ ಥಟ್ಟನೆ ಗೊತ್ತಾಗುತ್ತದಲ್ಲ, ಇಲ್ಲೂ ಅಂಥದೇ ಪಳಗಿದ ಕಣ್ಣು ಬೇಕು.

ಈ ಕೆಲಸ ಸಣ್ಣದು ಅನ್ನಿಸಬಹುದು. ಆದರೆ ಹತ್ತು ವರ್ಷವಾದರೂ ಎಸೆಯಲು, ಹಿಡಿಯಲು ಬಾರದ ಮಗು ಆಟದಿಂದ ತಾನೇ ಹಿಂದೆ ಸರಿಯುತ್ತದೆ. ತಂಡ ಆರಿಸುವಾಗ ಕೊನೆಗೆ ಉಳಿಯುವುದು, ಕ್ಯಾಚ್ ಬಿಟ್ಟು ಬೈಸಿಕೊಳ್ಳುವುದು ಯಾರಿಗೆ ಬೇಕು? ಆರನೇ ತರಗತಿಯಲ್ಲಿ ಪಿಟಿ ಮೇಷ್ಟ್ರು ಸಿಗುವ ಹೊತ್ತಿಗೆ ಆ ಮಗು ಹೊಟ್ಟೆನೋವು ಅಂತ ಹೇಳಿ ಮರದ ಕೆಳಗೆ ಕೂರುವುದನ್ನು ಕಲಿತಿರುತ್ತದೆ. ನಾವು ಮೇಷ್ಟ್ರನ್ನು ಕೊಡುತ್ತಿರುವುದು ತಡವಾಗಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಜಾಸ್ತಿ ಚುಚ್ಚುತ್ತದೆ. ಆಡ್ಕೊಳ್ಳಿ ಹೋಗಿ ಅಂತ ಸುಮ್ನೆ ಬಿಟ್ಟರೆ ಮೈದಾನದ ನಡುಭಾಗವೆಲ್ಲ ಹುಡುಗರ ಕ್ರಿಕೆಟ್‌ಗೆ ಹೋಗುತ್ತದೆ. ಹುಡುಗಿಯರು ಗೋಡೆ ಪಕ್ಕದಲ್ಲಿ ಕುಂಟೆಬಿಲ್ಲೆ ಗೀಚಿಕೊಳ್ಳುತ್ತಾರೆ. ಕುಂಟೆಬಿಲ್ಲೆ ಒಳ್ಳೆಯ ಆಟ, ಗುರಿಯನ್ನೂ ಕಾಲಿನ ಹಿಡಿತವನ್ನೂ ಕಲಿಸುತ್ತದೆ. ಹುಡುಗರೂ ಆಡಬೇಕು ಅದನ್ನು. ಆದರೆ ಜಾಗವನ್ನು ಯಾರೂ ಹಂಚಿಲ್ಲ, ಜೋರಿದ್ದವರು ತಗೊಂಡಿದ್ದಾರೆ. ಕಾಲು ಸರಿ ಇಲ್ಲದ, ದೃಷ್ಟಿ ಮಂದವಾದ ಮಗು ಇದ್ದರೆ ಅದಕ್ಕೆ ಅಂಕ ಬರೆಯುವ ಕೆಲಸ ಕೊಟ್ಟು ಕೂರಿಸುತ್ತಾರೆ. ಅದೇ ಮಗುವಿಗೆ ಗೆಜ್ಜೆ ಕಟ್ಟಿದ ಚೆಂಡು ಕೊಟ್ಟು, ಆಟದ ಅಂಗಳ ಚಿಕ್ಕದು ಮಾಡಿ, ಎಲ್ಲರ ಜೊತೆ ಆಡಿಸಬಹುದು ಅಂತ ತರಬೇತಿ ಪಡೆದವರಿಗೆ ಹೊಳೆಯುತ್ತದೆ.

ಇದಕ್ಕೆ ಪುರಾವೆಯೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು, ಐದನೇ ತರಗತಿಯ ಮಕ್ಕಳ ಮೇಲೆ ನಡೆದ ಸ್ಪಾರ್ಕ್ ಎಂಬ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಏಳು ಶಾಲೆ, ಎರಡು ವರ್ಷ. ಎಂದಿನಂತೆ ನಡೆದ ಪಿಟಿ ಪಿರಿಯಡ್‌ಗಳಲ್ಲಿ ಮಕ್ಕಳು ವಾರಕ್ಕೆ 18 ನಿಮಿಷ ಮೈ ದಣಿಸಿ ಆಡಿದರೆ, ದೈಹಿಕ ಶಿಕ್ಷಣದ ತಜ್ಞರು ನಡೆಸಿದ ಕಡೆ ಅದು 40 ನಿಮಿಷ ಆಗಿತ್ತು. ತಜ್ಞರ ಕೈಯಲ್ಲಿ ಕಲಿತ ಹುಡುಗಿಯರ ಹೊಟ್ಟೆಯ ಸ್ನಾಯುಗಳ ಬಲವೂ ದಮ್ಮೂ ಎಂದಿನಂತೆ ಪಿಟಿ ನಡೆದ ಶಾಲೆಯ ಹುಡುಗಿಯರಿಗಿಂತ ಚೆನ್ನಾಗಿದ್ದವು. ಪಾಠ ಹಾಳಾಗುತ್ತದೆ ಅನ್ನುವವರಿಗೆ ಕೆನಡಾದ ಟ್ರುವಾ-ರಿವಿಯೇರ್ ಊರಿನ ಪ್ರಯೋಗ ಇದೆ. 1970ರ ದಶಕದಲ್ಲಿ ಅಲ್ಲಿ ಪಾಠದ ಸಮಯವನ್ನೇ ಕಡಿತ ಮಾಡಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ದಿನಕ್ಕೊಂದು ಗಂಟೆ ತಜ್ಞರಿಂದ ದೈಹಿಕ ಶಿಕ್ಷಣ ಕೊಟ್ಟರು. ಮಕ್ಕಳು ಓದಿನಲ್ಲಿ ಹಿಂದೆ ಬೀಳಲಿಲ್ಲ.

ನಮ್ಮಲ್ಲಿ ಇನ್ನೊಂದು ಕಾರಣವೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ. ಅವರೇ ಒಂದನೇ ತರಗತಿಗೆ ಬರುವವರು. ಎರಡು ಸುತ್ತು ಓಡಿ ಕೂತುಬಿಡುವ ಮಗು ಸೋಮಾರಿನಾ, ಬೆಳಗ್ಗೆ ಏನೂ ತಿಂದಿಲ್ವಾ, ರಕ್ತ ಕಡಿಮೆಯಾ? ದಿನಾ ಮೈದಾನದಲ್ಲಿ ಮಕ್ಕಳ ಉಸಿರು, ಮುಖದ ಬಣ್ಣ ನೋಡುವ ಒಬ್ಬರು ಶಾಲೆಯಲ್ಲಿದ್ದರೆ ಅಂಥ ಮಗುವನ್ನು ಬೇಗ ಗುರುತಿಸಿ ಡಾಕ್ಟರಿಗೆ ತೋರಿಸಬಹುದು.

ಆಟದ ಪಿರಿಯಡ್ ವೇಳಾಪಟ್ಟಿಯಲ್ಲಿ ಇರುತ್ತದೆ, ನಿಜ. ಗಣಿತ ಮುಗಿದಿಲ್ಲ, ಪರೀಕ್ಷೆ ಬಂತು, ಮಾಹಿತಿ ಕಳಿಸಬೇಕು ಅಂತ ಮೊದಲು ಹೋಗುವುದೂ ಅದೇ. ಯಾರ ಹೆಸರಿನಲ್ಲೂ ಇಲ್ಲದ ಪಿರಿಯಡ್ ಅದು. ಅದನ್ನು ಕಾಯುವವರು ಒಬ್ಬರು ಬೇಕು. ಇಪ್ಪತ್ತು ಮಕ್ಕಳ ಶಾಲೆಗೆ ಪೂರ್ತಿ ಹುದ್ದೆ ಕೊಡಲಾಗದು ಎಂದರೆ ಅಕ್ಕಪಕ್ಕದ ಎರಡು ಮೂರು ಶಾಲೆಗೆ ಒಬ್ಬರನ್ನು ಹಂಚಿ. ದೈಹಿಕ ಶಿಕ್ಷಣದ ಪದವಿಯಾದ ಬಿಪಿಎಡ್ ಓದಿ ಕೆಲಸಕ್ಕೆ ಕಾಯುತ್ತಿರುವ ಹುಡುಗ ಹುಡುಗಿಯರು ನಮ್ಮ ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಪಠ್ಯ, ಪಠ್ಯೇತರ ಅನ್ನುವ ಗೋಡೆ ಬೇಡ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಆ ಮಾತಿಗೆ ಬೆಲೆ ಬರುವುದು ಮೈದಾನಕ್ಕೆ ಒಬ್ಬ ಶಿಕ್ಷಕರು ಬಂದಾಗ.

ವಿರೋಧ: ಆಡಿಸುವುದು ತರಗತಿ ಟೀಚರ ಕೆಲಸವಾಗಿಯೇ ಇರಲಿ

ಮಕ್ಕಳು ಆಡಬೇಕು ಅನ್ನುವುದರಲ್ಲಿ ನನ್ನದೇನೂ ತಕರಾರಿಲ್ಲ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅನ್ನುವುದನ್ನು ಗಮನಿಸಿ. ನನ್ನ ವಾದ ನಿಂತಿರುವುದು ಅದರ ಮೇಲೇ. ದಿನವೂ ಮಗುವಿನ ಜೊತೆ ಇರುವವರು ತರಗತಿಯ ಟೀಚರ್. ಎರಡು ಮೂರು ಶಾಲೆಗೆ ಹಂಚಿದ ಪಿಟಿ ಮೇಷ್ಟ್ರು ವಾರಕ್ಕೆ ಎರಡು ದಿನ ಬಂದಾರು. ಆ ಎರಡು ದಿನ ಆಟದ ದಿನ ಆಗುತ್ತದೆ, ಉಳಿದ ದಿನ ಮಕ್ಕಳು ಕೇಳಿದರೆ ಪಿಟಿ ಸರ್ ಬರ್ತಾರಲ್ಲ, ಆಗ ಆಡೋರಂತೆ ಎಂಬ ಉತ್ತರ ಸಿಗುತ್ತದೆ. ಈಗ ಎಷ್ಟೋ ಶಾಲೆಗಳಲ್ಲಿ ಟೀಚರ್ ಬೆಲ್ಲಿಗೆ ಮುಂಚೆ ಮಕ್ಕಳನ್ನು ಕರೆದುಕೊಂಡು ಕೆರೆ-ದಡ ಆಡಿಸುತ್ತಾರೆ. ಅದು ಬೇರೆಯವರ ಕೆಲಸ ಅಂತ ಆದ ದಿನ ಅದೂ ನಿಲ್ಲುತ್ತದೆ.

ಲೆಕ್ಕವನ್ನೂ ನೋಡಬೇಕು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಐದು ತರಗತಿ, ಇಬ್ಬರು. ಒಂದರಿಂದ ಮೂರು ನಲಿ-ಕಲಿ ಅಂತ ಒಬ್ಬರು ಒಂದೇ ಕೋಣೆಯಲ್ಲಿ ನಡೆಸುತ್ತಾರೆ, ನಾಲ್ಕು ಐದು ಇನ್ನೊಬ್ಬರಿಗೆ. ಆ ಇನ್ನೊಬ್ಬರೇ ಮುಖ್ಯ ಶಿಕ್ಷಕರ ಕೆಲಸವನ್ನೂ ನೋಡಬೇಕು: ಬಿಸಿಯೂಟದ ಲೆಕ್ಕ, ಹಾಲಿನ ಪುಡಿ, ಮೊಟ್ಟೆ, ಆನ್‌ಲೈನ್ ಮಾಹಿತಿ. ಚುನಾವಣೆ, ಗಣತಿ, ಸಮೀಕ್ಷೆ ಬಂದರೆ ಇಬ್ಬರಲ್ಲಿ ಒಬ್ಬರು ಹೊರಗೆ. ಆಗ ಐದೂ ತರಗತಿಗೆ ಒಬ್ಬರೇ. ಇಂಥ ಶಾಲೆಗೆ ಮೂರನೆಯವರನ್ನು ಕಳಿಸುವ ಶಕ್ತಿ ಸರ್ಕಾರಕ್ಕಿದ್ದರೆ, ಆ ಮೂರನೆಯವರು ಯಾರಾಗಿರಬೇಕು ಅಂತ ಆ ಊರಿನ ತಾಯಂದಿರನ್ನೇ ಕೇಳಿ. ಓದಲು, ಬರೆಯಲು ಕಲಿಸುವವರು ಅಂತಲೇ ಹೇಳುತ್ತಾರೆ. ಅವರು ಹೇಳುವುದು ಸರಿ. ನಾಲ್ಕನೇ ತರಗತಿಗೆ ಬಂದರೂ ಒಂದು ಪುಟ ತಡವರಿಸದೆ ಓದಲಾಗದ ಮಗುವಿಗೆ ಆಗುವ ಅನ್ಯಾಯ ಚಿಕ್ಕದಲ್ಲ.

ಪರ ವಾದದಲ್ಲಿ ಸ್ಪಾರ್ಕ್ ಅಧ್ಯಯನದ ಎರಡು ಸಂಖ್ಯೆ ಬಂದವು, 18 ಮತ್ತು 40. ಅದರಲ್ಲಿ ಮೂರನೆಯ ಗುಂಪೊಂದಿತ್ತು. ಅಲ್ಲಿ ಸಾಮಾನ್ಯ ತರಗತಿ ಶಿಕ್ಷಕರಿಗೇ ತರಬೇತಿ ಕೊಟ್ಟು ಆಡಿಸಲು ಹೇಳಿದ್ದರು. ಆ ಮಕ್ಕಳು ವಾರಕ್ಕೆ 33 ನಿಮಿಷ ಚುರುಕಾಗಿ ಆಡಿದರು. ತಜ್ಞರಿಗಿಂತ 7 ನಿಮಿಷ ಕಡಿಮೆ, ಏನೂ ಬದಲಿಸದೆ ಬಿಟ್ಟ ಶಾಲೆಗಿಂತ 15 ನಿಮಿಷ ಜಾಸ್ತಿ. ಹುಡುಗಿಯರ ದಮ್ಮು ಹೆಚ್ಚಿದ್ದು ತಜ್ಞರ ಗುಂಪಿನಲ್ಲಿ, ಅದನ್ನು ಒಪ್ಪುತ್ತೇನೆ. ಆದರೆ ದುಡ್ಡೂ ಜನರೂ ಕಡಿಮೆ ಇರುವ ನಮಗೆ ಆ 33 ನಿಮಿಷ ಈ ವರ್ಷವೇ ಸಿಗಬಹುದಾದದ್ದು. 2012ರಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಊರಿನ ಒಂದು ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ ಮಕ್ಕಳನ್ನು ದಿನಾ ಹದಿನೈದು ನಿಮಿಷ ಹೊರಗೆ ಕರೆದುಕೊಂಡು ಹೋಗಿ ಅವರವರ ವೇಗದಲ್ಲಿ ಓಡಿಸಲು ಶುರು ಮಾಡಿದರು. ಸಮವಸ್ತ್ರದಲ್ಲೇ ಓಟ. ಬೇರೆ ಬಟ್ಟೆ ಬೇಡ, ಸಾಮಾನು ಬೇಡ, ಕೋಚ್ ಬೇಡ. ಡೈಲಿ ಮೈಲ್ ಅಂತ ಹೆಸರಾಗಿ ಅದು ಎಷ್ಟೋ ದೇಶಗಳಿಗೆ ಹಬ್ಬಿದೆ. ನಮ್ಮ ಹಳ್ಳಿ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ, ಬಿಸಿಲು ಏರುವ ಮುಂಚೆ, ಇದನ್ನು ಮಾಡೋಕೆ ಯಾರ ಅಪ್ಪಣೆ ಬೇಕು?

ಇನ್ನೊಂದು ಭಯ ಇದೆ ನನಗೆ. ಪಿಟಿ ಮೇಷ್ಟ್ರುಗಳ ದುಡಿಮೆಯನ್ನು ಕಡಿಮೆ ಮಾಡಿ ಹೇಳುತ್ತಿಲ್ಲ, ಬಿಸಿಲಲ್ಲಿ ಅವರು ಸುರಿಸುವ ಬೆವರು ದೊಡ್ಡದು. ಆದರೆ ಅವರ ಕೆಲಸವನ್ನು ಇಲಾಖೆಯೂ ಊರೂ ಅಳೆಯುವುದು ಗೆದ್ದು ತಂದ ಕಪ್ಪುಗಳಿಂದ. ಕ್ಲಸ್ಟರ್, ಹೋಬಳಿ, ತಾಲ್ಲೂಕು, ಜಿಲ್ಲೆ ಅಂತ ಕ್ರೀಡಾಕೂಟಗಳು ಶುರುವಾದರೆ ಕೊಕ್ಕೊ ತಂಡ, ಕಬಡ್ಡಿ ತಂಡ, ರಿಲೇಗೆ ನಾಲ್ವರು. ಅಷ್ಟು ಮಕ್ಕಳು ಬೆಳಗ್ಗೆ ಸಂಜೆ ತಾಲೀಮು ಮಾಡುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಆ ಪದ್ಧತಿ ಆರು ವರ್ಷದ ಮಕ್ಕಳವರೆಗೆ ಇಳಿಯುವುದು ಬೇಡ. ಅವರಿಗೆ ಸೀಟಿಯ ಆಟಕ್ಕಿಂತ ಲಗೋರಿ, ಮರಕೋತಿ, ಕಣ್ಣಾಮುಚ್ಚಾಲೆ ಸಾಕು. ಔಟಾ ಅಲ್ವಾ ಅಂತ ಕಿತ್ತಾಡಿ, ತಾವೇ ಒಪ್ಪಂದಕ್ಕೆ ಬಂದು ಮತ್ತೆ ಆಡುವುದೂ ಕಲಿಕೆಯೇ. ತೀರ್ಪು ಕೊಡುವ ದೊಡ್ಡವರು ಯಾವಾಗಲೂ ನಡುವೆ ನಿಂತಿದ್ದರೆ ಆ ಕಲಿಕೆಗೆ ಜಾಗ ಸಿಗುವುದಿಲ್ಲ.

ತರಗತಿಯ ಟೀಚರ್ ಮೈದಾನಕ್ಕೆ ಬಂದಾಗ ಇನ್ನೊಂದು ಒಳ್ಳೆಯದು ಆಗುತ್ತದೆ. ಕಾಗುಣಿತದಲ್ಲಿ ಸದಾ ತಡವರಿಸುವ ಹುಡುಗಿ ಲಗೋರಿಯಲ್ಲಿ ಒಂದೇ ಏಟಿಗೆ ಏಳೂ ಕಲ್ಲು ಉರುಳಿಸಿ, ತಂಡಕ್ಕೆ ಯಾರು ಎಲ್ಲಿ ನಿಲ್ಲಬೇಕು ಅಂತ ಹೇಳುವುದನ್ನು ಆ ಟೀಚರ್ ನೋಡುತ್ತಾರೆ. ಮರುದಿನ ತರಗತಿಯಲ್ಲಿ ಅವಳ ಜೊತೆ ಮಾತಾಡುವ ರೀತಿಯೇ ಬೇರೆ ಆಗಬಹುದು. ಆಟ ಒಬ್ಬರಿಗೆ, ಪಾಠ ಒಬ್ಬರಿಗೆ ಅಂತ ಪಾಲು ಮಾಡಿದರೆ ಇಬ್ಬರಿಗೂ ಅರ್ಧ ಮಗುವಷ್ಟೇ ಕಾಣುತ್ತದೆ.

ಹಾಗಂತ ಟೀಚರ್‌ಗಳ ಮೇಲೆ ಇನ್ನೊಂದು ಹೊರೆ ಹಾಕಿ ಕೈ ತೊಳೆದುಕೊಳ್ಳಬಾರದು. ನಮ್ಮ ಪ್ರಾಥಮಿಕ ಶಿಕ್ಷಕರಲ್ಲಿ ಹೆಂಗಸರು ಬಹಳ, ಸೀರೆಯಲ್ಲಿ ಓಡಾಡಿ ಆಡಿಸುವುದು ಕಷ್ಟ, ವಯಸ್ಸಾದವರಿಗೆ ಮಂಡಿ ನೋವು. ಅವರೇ ಓಡಬೇಕಾಗಿಲ್ಲ. ಯಾವ ವಯಸ್ಸಿಗೆ ಯಾವ ಆಟ, ಜಾಗ ಹೇಗೆ ಹಂಚಬೇಕು, ಹುಡುಗಿಯರನ್ನೂ ಅಂಗವಿಕಲ ಮಕ್ಕಳನ್ನೂ ಹೇಗೆ ಸೇರಿಸಬೇಕು, ಪೆಟ್ಟಾದರೆ ಏನು ಮಾಡಬೇಕು ಅನ್ನುವುದನ್ನು ಅವರಿಗೆ ಮೈದಾನದಲ್ಲೇ ಕಲಿಸಬೇಕು. ಡಿ.ಎಡ್. ಓದುವಾಗ ಕಲಿತದ್ದು ಯಾವ ಕಾಲಕ್ಕೋ ಆಯಿತು. ಚೆಂಡು ಎಸೆಯುವಾಗ ಎಡಗಾಲು ಮುಂದೆ ಬರಬೇಕು ಅನ್ನುವುದು ಒಬ್ಬ ಟೀಚರ್ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ಸಂಗತಿ. ಹತ್ತಿರದ ಹಿರಿಯ ಪ್ರಾಥಮಿಕ ಶಾಲೆ, ಪ್ರೌಢಶಾಲೆಯಲ್ಲಿರುವ ಪಿಟಿ ಮೇಷ್ಟ್ರೇ ಕ್ಲಸ್ಟರ್ ಸಭೆಯಲ್ಲಿ ಅದನ್ನು ಹೇಳಿಕೊಡಲಿ. ಅವರ ವಿದ್ಯೆ ನಿಜಕ್ಕೂ ಬಳಕೆಯಾಗುವ ದಾರಿ ಅದು.

ಪ್ರತಿ ತರಗತಿಗೂ ಬೇಕಾದಷ್ಟು ಆಟದ ಸಾಮಾನು ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಬೀಗ ಹಾಕಿದ ಬೀರುವಿನಿಂದ ಅದು ಹೊರಗೆ ಬರಲಿ. ಬೆಳಗಿನ ಮೊದಲ ಪಿರಿಯಡ್‌ಗಳಲ್ಲೇ ಒಂದು ಆಟಕ್ಕೆ ಸಿಗಲಿ, ಪರೀಕ್ಷೆಯ ವಾರದಲ್ಲೂ ಯಾರೂ ಅದನ್ನು ತೆಗೆಯದಿರಲಿ. ಹೊಸ ಹುದ್ದೆಗಳಿಗೆ ದುಡ್ಡಿದೆ ಎಂದಾದರೆ ಮೊದಲು ಏಕೋಪಾಧ್ಯಾಯ ಶಾಲೆಗಳಿಗೆ ಎರಡನೇ ಶಿಕ್ಷಕರನ್ನು ಕೊಡಿ. ಒಬ್ಬರು ಒಳಗೆ ಪಾಠ ಮಾಡುವಾಗ ಇನ್ನೊಬ್ಬರು ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಬಹುದು.