ಸಾಮಾನೂ ನಮ್ದೇ, ಬಾಡಿಗೆನೂ ನಮ್ದೇ

ಹೊಸಾ ಸೋಫಾ ತಗೊಂಡ್ರೆ ಅಂಗಡಿಯೋರೇ ಮನೆ ತನಕ ತಂದು, ಮಹಡಿ ಹತ್ತಿಸಿ, ಪ್ಲಾಸ್ಟಿಕ್ ಕವರ್ ಹರಿದು, ಒರೆಸಿ, ಕೂತ್ಕೊಳ್ರಿ ಸಾರ್ ಅಂತಾರೆ. ಅದೇ ಸೋಫಾನ ಹತ್ತು ವರ್ಷ ಬಿಟ್ಟು ಕೆಳಗಿಳಿಸ್ಬೇಕು ಅಂದ್ರೆ ಇಡೀ ದಾವಣಗೆರೆಯಲ್ಲಿ ಒಂದು ನರಪಿಳ್ಳೆ ಸಿಗಲ್ಲ, ಸಿಕ್ಕೋರು ಹೇಳೋ ರೇಟ್ ಕೇಳಿದ್ರೆ ಇರ್ಲಿ ಬಿಡು, ಇನ್ನೊಂದ್ ಹತ್ತು ವರ್ಷ ಕೂರೋಣ ಅನ್ಸುತ್ತೆ.

ನಮ್ಮದು ನಿಟ್ಟುವಳ್ಳಿಯಲ್ಲಿ ಮೊದಲನೇ ಮಹಡಿ ಮನೆ. ಸಜ್ಜಾ ಮೇಲೆ, ಮೆಟ್ಟಿಲ ಸಂದಿಯಲ್ಲಿ, ಟೆರೇಸಿನ ಶೀಟ್ ಶೆಡ್ಡಲ್ಲಿ ಏನೇನ್ ಸೇರ್ಕೊಂಡಿತ್ತು ಅಂದ್ರೆ ಗೆದ್ದಲು ಹಿಡಿದ ಪ್ಲೈವುಡ್ ಶೋಕೇಸು, ಡಬ್ಬಾ ಟಿವಿ, ಅರಳೆ ಹಾಸಿಗೆಗಳು, ಒಂದು ದಿವಾನ, ಕಬ್ಬಿಣದ ಮಂಚ, ರುಬ್ಬೋ ಕಲ್ಲು, ಮತ್ತೆ ಬಾತ್‌ರೂಮ್ ರಿಪೇರಿ ಟೈಮಲ್ಲಿ ಕಿತ್ತಿಟ್ಟ ಹಳೇ ಕಮೋಡು, ಇದನ್ನ ಯಾಕೆ ಇಟ್ಕೊಂಡಿದ್ವಿ ಅಂತ ಮನೇಲಿ ಯಾರ್ನ ಕೇಳಿದ್ರೂ ಇನ್ನೊಬ್ರ ಮುಖ ನೋಡ್ತಾರೆ. ದುಗ್ಗಮ್ಮನ ಜಾತ್ರೆಗೆ ನೆಂಟ್ರು ಬರೋದ್ರೊಳಗೆ ಎಲ್ಲಾ ಖಾಲಿ ಆಗ್ಬೇಕು ಅಂತ ಮನೆಯವಳ ಆರ್ಡರ್. ಎರಡು ವರ್ಷಕ್ಕೊಮ್ಮೆ ಬರೋ ಜಾತ್ರೆ ಅದು, ಹೋದ ಜಾತ್ರೆಗೂ ಇದೇ ಆರ್ಡರ್ ಆಗಿತ್ತು ಅನ್ನೋದು ಬೇರೆ ವಿಷ್ಯ.

ಬೆಳಿಗ್ಗೆ ಬರೋ ಕಸದ ಗಾಡಿ ಹುಡುಗನ್ನ ಕೇಳಿದೆ. ಹಸಿ ಕಸ ಇದ್ರೆ ಕೊಡ್ರಿ, ಒಣ ಕಸ ಇದ್ರೆ ಕೊಡ್ರಿ, ಮನೇನೇ ಕೊಟ್ರೆ ಹೆಂಗ್ರಿ ಅಂದ. ಸರಿಯಾದ ಮಾತೇ ಬಿಡಿ, ಆ ಪುಟ್ಟ ಆಟೋದಲ್ಲಿ ಶೋಕೇಸ್ ಕೂರಿಸಿದ್ರೆ ಉಳಿದ ಬೀದಿಯವ್ರ ಕಸ ಅವನ ತಲೆ ಮೇಲೆ ಹಾಕ್ಬೇಕಾಗ್ತಿತ್ತು.

ಗುಜರಿಯವ್ನು ಬಂದ. ಅಕ್ಕಸಾಲಿ ಚಿನ್ನ ನೋಡ್ದಂಗೆ ಒಂದೊಂದೇ ನೋಡ್ದ. ಕಬ್ಬಿಣದ ಮಂಚ ಬೇಕು, ಹಿತ್ತಾಳೆ ಕೊಳಾಯಿ ಬೇಕು, ಹಳೇ ಪೇಪರ್ ಬೇಕು. ಪ್ಲೈವುಡ್ಡು? ಊಹೂಂ. ಗಾಜು? ಊಹೂಂ. ಅರಳೆ ಹಾಸಿಗೆ ಕಡೆ ತಿರುಗೂ ನೋಡ್ಲಿಲ್ಲ. ಒಂದ್ ಕಾಲಕ್ಕೆ ಬಟ್ಟೆ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸ್ಕೊಂಡ ಊರಲ್ಲಿ ಹತ್ತಿಗೆ ಈ ಗತಿ! ಡಬ್ಬಾ ಟಿವಿ ಬೆನ್ನು ತಟ್ಟಿ, ಒಳಗಿನ ತಾಮ್ರದ ಕಾಯಿಲ್ ಬಿಚ್ಕೊಂತೀನಿ, ಉಳಿದಿದ್ದು ನೀವೇ ಇಟ್ಕೊಳ್ರಿ ಅಂದ. ಆ ಪಿಕ್ಚರ್ ಟ್ಯೂಬ್ ಗಾಜಲ್ಲಿ ಸೀಸ ಇರುತ್ತೆ, ಒಡೆದು ಚರಂಡಿಗೆ ಎಸೆಯೋ ಸಾಮಾನಲ್ಲ, ಹಂಗಾಗಿ ಇ-ವೇಸ್ಟ್ ತಗೊಳ್ಳೋರಿಗೆ ಕೊಡೋಕೆ ಅಂತ ಟಿವಿನ ಬೇರೆ ಎತ್ತಿಟ್ಟೆ. ಗುಜರಿಯಿಂದ ಬಂದಿದ್ದು 1,100 ರೂಪಾಯಿ. ಬೇಕಾದ್ದೆಲ್ಲ ಒಯ್ದು, ಯಾರಿಗೂ ಬೇಡದ್ದನ್ನ ನಂಗೇ ಬಿಟ್ಟು ಹೋದ.

ಹಾಸಿಗೆಗೆ ಎದುರುಮನೆಯ ರಿಟೈರ್ಡ್ ಮೇಷ್ಟ್ರು ಒಂದು ಐಡಿಯಾ ಕೊಟ್ರು, ಖಾಲಿ ಸೈಟಲ್ಲಿ ಒಂದ್ ಕಡ್ಡಿ ಗೀರಿ ಮುಗೀತು. ಸಾರ್, ಬಯಲಲ್ಲಿ ಕಸ ಸುಟ್ರೆ 5,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ ಅಂದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ನಿದ್ದು, ರಾತ್ರಿ ಸುಟ್ರೆ? ಅಂದ್ರು.

ಆಮೇಲೆ ಗಾಡಿಯವ್ರಿಗೆ ಫೋನ್ ಮಾಡೋಕೆ ಶುರು. ಒಬ್ಬ 1,500, ಇನ್ನೊಬ್ಬ 4,000, ಮಗದೊಬ್ಬ ಬಂದ್ ನೋಡ್ತೀನಿ ಅಂತ ಬಂದು ಕಾಫಿ ಕುಡಿದು ಹೋದ. ಒಂದೇ ಸಾಮಾನು, ಒಂದೇ ಮನೆ, ಇಷ್ಟ್ ವ್ಯತ್ಯಾಸ ಹೆಂಗೆ ಅಂತ ನಂಗೂ ತಲೆ ಕೆಟ್ಟಿತ್ತು. ತಮಾಷೆ ಅಂದ್ರೆ ತೂಕ ಎಷ್ಟು ಅಂತ ಒಬ್ನೂ ಕೇಳ್ಲಿಲ್ಲ. ಎಷ್ಟನೇ ಮಹಡಿ, ಮೆಟ್ಲು ತಿರುವು ಐತಾ, ಗಾಡಿ ಗೇಟ್ ತನಕ ಬರ್ತದಾ, ಇಷ್ಟೇ. ಟಾಟಾ ಏಸ್ ಅಂದ್ರೆ ಮುಕ್ಕಾಲು ಟನ್ ಹೊರೋ ಗಾಡಿ, ನಮ್ಮ ಸಾಮಾನಿನ ತೂಕ ಅದಕ್ಕೆ ಲೆಕ್ಕಕ್ಕೇ ಇಲ್ಲ, ಆದ್ರೆ ಶೋಕೇಸ್ ಒಂದು ನಿಂತ್ರೆ ಅರ್ಧ ಗಾಡಿ ಫುಲ್. ಶೋಕೇಸಿನೊಳಗಿನ ಗಾಳಿಗೂ ಬಾಡಿಗೆ ಕಟ್ಟೋದು ನಾವೇ! ಅದಕ್ಕೇ ಹೇಳ್ತೀನಿ, ಗಾಡಿ ಕರೆಯೋಕೆ ಮುಂಚೆ ಸ್ಕ್ರೂ ಬಿಚ್ಚಿ ಹಲಗೆ ಹಲಗೆ ಮಾಡಿ ಕಟ್ಟಿಡ್ರಿ, ಎರಡು ಟ್ರಿಪ್ ಇರೋದು ಒಂದಕ್ಕೆ ಇಳಿಯುತ್ತೆ.

1,500 ಹೇಳಿದವನ ಲೆಕ್ಕದಲ್ಲಿ ಹಮಾಲಿ ಇಲ್ಲ, ಅವ್ನು ಬರೇ ಸ್ಟೇರಿಂಗ್ ಹಿಡೀತಾನೆ, ಸಾಮಾನು ತಾನಾಗೇ ಮೆಟ್ಲು ಇಳ್ಕೊಂಡ್ ಬಂದು ಗಾಡಿ ಹತ್ಬೇಕು. 4,000ದವನ ಲೆಕ್ಕದಲ್ಲಿ ಎಲ್ಲಾ ಸೇರಿದೆ. ಇವೆರಡರ ಮಧ್ಯೆ ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಖರ್ಚಿದೆ, ಹಾಕೋ ಜಾಗದ್ದು. ಎಲ್ಲಿ ಹಾಕ್ತೀಯಪ್ಪ ಅಂದ್ರೆ, ಅದೆಲ್ಲ ನಿಮಗ್ಯಾಕ್ರಿ, ಊರ್ ಹೊರಗೆ ಹಾಕಿ ಬರ್ತೀನಿ ಅಂದ ಒಬ್ಬ. ಅಂದ್ರೆ ಬೈಪಾಸ್ ಪಕ್ಕ ಯಾವ್ದೋ ರೈತನ ಬದು. ಸರಿಯಾದ ಜಾಗಕ್ಕೇ ಹಾಕು ಅಂದ ತಕ್ಷಣ ರೇಟು ಐನೂರು ಏರ್ತು. ಬೆಣ್ಣೆ ದೋಸೆಗೆ ಎಕ್ಸ್‌ಟ್ರಾ ಬೆಣ್ಣೆ ಹಾಕಿಸ್ಕೊಂಡು ದುಡ್ಡು ಕೊಡೋ ಊರು ನಮ್ದು, ಇದಕ್ಕೆ ಮಾತ್ರ ಕೈ ಬರಲ್ಲ. ಆದ್ರೂ ಒಪ್ಕೊಂಡೆ, ಯಾಕಂದ್ರೆ ಆ ಹಾಸಿಗೆ ಮೇಲೆ ನಮ್ಮಪ್ಪನ ಹೆಸರು ಮಾರ್ಕರಲ್ಲಿ ದೊಡ್ಡದಾಗಿ ಬರೆದಿತ್ತು.

ಕೊನೆಗೆ ಗಾಡಿ, ಇಬ್ರು ಹಮಾಲರು, ಹಾಕೋ ಜಾಗ ಎಲ್ಲಾ ಸೇರಿ 2,800ಕ್ಕೆ ಕುದುರ್ತು. ಕಮೋಡ್ ನೋಡಿ ದೊಡ್ಡ ಹಮಾಲ ಸಣ್ಣವನಿಗೆ ನೀ ಹಿಡ್ಕೋ ಅಂದ, ಸಣ್ಣವ್ನು ನನ್ನ ನೋಡ್ದ. ನೂರು ಜಾಸ್ತಿ ಅಂದೆ. ಇಬ್ರೂ ಹಿಡ್ಕೊಂಡ್ರು.

ರುಬ್ಬೋ ಕಲ್ಲಿಗೆ ಮಾತ್ರ ಅಮ್ಮ ಅಡ್ಡ ನಿಂತ್ಲು. ಲಕ್ಷ್ಮಿ ಇದ್ದಂಗೆ, ಕಸದ ಜೊತೆ ಕಳಿಸ್ಬೇಡ, ಯಾರಿಗಾದ್ರೂ ಕೊಡು. ಅಷ್ಟ್ರಲ್ಲಿ ಕಾಂಪೌಂಡ್ ಮೇಲಿಂದ ಪಕ್ಕದ್ಮನೆ ಆಂಟಿ, ನಮಗೆ ಕೊಡ್ರಿ, ಮಿಕ್ಸಿ ಚಟ್ನಿ ರುಚಿನೇ ಇರಲ್ಲ ಅಂದ್ರು. ಭಾರ ಇಳೀತು ಅನ್ಕೊಂಡೆ. ಆಂಟಿ ಮನೆ ಇರೋದು ಎರಡನೇ ಮಹಡಿ. ಹಮಾಲರು ನಮ್ಮನೆಯಿಂದ ಇಳಿಸಿದ್ದು ಮಾತಾಡಿದ ರೇಟಲ್ಲಿ ಬಂತು, ಅಲ್ಲಿ ಹತ್ತಿಸೋದು ಬೇರೆ ಲೆಕ್ಕ ಅಂದ್ರು, ಮುನ್ನೂರು. ನಾನು ಆಂಟಿ ಮುಖ ನೋಡ್ದೆ, ಆಂಟಿ, ಫ್ರೀ ಅಂದ್ರಲ್ಲಾ ಅಂದ್ರು, ಅಮ್ಮ ಒಳಗಿಂದ ಕೊಡೋ ಅಂದ್ಲು. ಕಲ್ಲು ಕೊಟ್ಟು ದುಡ್ಡೂ ಕೊಟ್ಟೆ. ಆ ಕಲ್ಲಲ್ಲಿ ರುಬ್ಬಿದ ಚಟ್ನಿ ಇವತ್ತಿನ ತನಕ ಈ ಕಡೆ ಬಂದಿಲ್ಲ.

ಗಾಡಿ ಹೊರಡೋ ಟೈಮಿಗೆ ಡ್ರೈವರ್ ತಲೆ ಕೆರ್ಕೊಂತಾ ಬಂದ. ಸಾರ್, ದಿವಾನ ಗಟ್ಟಿ ಐತಿ, ನಮ್ಮನೀಗ್ ಒಯ್ಲಾ, ಹುಡುಗ್ರು ಕುಂತು ಓದ್ಕೊಂತಾವೆ. ಒಯ್ಯಪ್ಪಾ ಅಂದೆ, ಮನಸಿಗೂ ಖುಷಿ ಆಯ್ತು. ಹಂಗಾದ್ರೆ ಬಾಡಿಗೇಲಿ ಒಂದಿನ್ನೂರು ಬಿಡ್ತೀಯಾ ಅಂತ ಕೇಳ್ದೆ. ಅದ್ಹೆಂಗ್ ಸಾರ್, ನಮ್ಮನೆ ಆವರಗೆರೆ, ನಿಮ್ ಸಾಮಾನು ಹಾಕಿ ಅಲ್ಲೀತನಕ ಬೇರೆ ಹೋಗ್ಬೇಕು, ಡೀಸೆಲ್ ಯಾರ್ ಕೊಡ್ತಾರ್ರಿ ಅಂದ. ವಾದ ಮಾಡೋಕೆ ಬಾಯಿ ತೆಗೆದೆ, ಪಾಯಿಂಟ್ ಸಿಗ್ಲಿಲ್ಲ. ನನ್ನ ದಿವಾನ ಅವನ ಮನೆಗೆ ಡೆಲಿವರಿ ಕೊಡೋ ಖರ್ಚೂ ನಾನೇ ಹಾಕ್ಕೊಂಡಂಗಾಯ್ತು.

ರಾತ್ರಿ ಊಟಕ್ಕೆ ಕೂತಾಗ ಅವನದೇ ಫೋನು. "ಸಾರ್, ದಿವಾನದ ಡ್ರಾಯರ್ ಬೀಗ ಹಾಕೈತಿ, ಒಳಗೆ ಏನೋ ಗಡಗಡ ಅಂತತಿ, ಕೀ ಎಲ್ಲೈತ್ರಿ?"

ಕೀ ಶೋಕೇಸಲ್ಲಿತ್ತು. ಶೋಕೇಸ್ ಎಲ್ಲಿ ಹಾಕ್ದೆ ಅಂತ ಕೇಳ್ದೆ, ಫೋನ್ ಕಟ್ ಆಯ್ತು.