ಓದು ಬಿಟ್ಟವರ ಮನೆಗೆ ಪುಸ್ತಕ ಕೊಡುವ ಮುನ್ನ

2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿತು. ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಬೇಡ, ಕೊಡಲೇಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಅಂತ. ಒಳ್ಳೆಯ ಆದೇಶ. ಬೆಂಗಳೂರಿನ ಗೃಹಪ್ರವೇಶ, ನಿವೃತ್ತಿ ಬೀಳ್ಕೊಡುಗೆ, ಹುಟ್ಟುಹಬ್ಬಗಳಲ್ಲೂ ಗೋಡೆ ಗಡಿಯಾರದ ಬದಲು ಪುಸ್ತಕ ಹಿಡಿದು ಬರುವವರು ಈಗ ಕಾಣಸಿಗುತ್ತಾರೆ. ಆದರೆ ಕೊಟ್ಟ ಪುಸ್ತಕದ ಪಾಡು ನೋಡಿದ್ದೀರಾ? ಶೋಕೇಸಿನಲ್ಲಿ, ಟಿವಿ ಪಕ್ಕದಲ್ಲಿ, ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಬಿಚ್ಚದೆ ಕೂತಿರುತ್ತದೆ. ಕೊಡುವವರು ತಮ್ಮ ಘನತೆಗೆ ತಕ್ಕ ಪುಸ್ತಕ ಹುಡುಕುತ್ತಾರೆ. ತೆಗೆದುಕೊಳ್ಳುವವರ ಪುರಸೊತ್ತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಓದುವ ಅಭ್ಯಾಸ ಇರುವವರಿಗೆ ಏನು ಕೊಟ್ಟರೂ ನಡೆಯುತ್ತದೆ, ಅವರ ಮಾತು ಬಿಡಿ. ಓದು ಬಿಟ್ಟುಹೋದವರಿಗೆ ಕೊಡುವಾಗ ನಾನು ಹೇಳುವುದು ಇಷ್ಟೇ: ಪುಸ್ತಕ 150 ಪುಟದ ಆಸುಪಾಸಿನಲ್ಲಿರಲಿ, ಅದರಲ್ಲಿ ಒಂದು ಕತೆಯಾದರೂ ತೆರೆಗೆ ಬಂದಿರಲಿ. ಸಿನಿಮಾ ಅಂದ ಕೂಡಲೇ ಮೂಗು ಮುರಿಯುವ ಸಾಹಿತ್ಯಪ್ರಿಯರು ಸ್ವಲ್ಪ ತಡೆಯಿರಿ, ಅಲ್ಲಿಗೂ ಬರೋಣ.

ಮೊದಲು ಪುಟದ ಲೆಕ್ಕ. ನಮ್ಮ ಕಾದಂಬರಿ, ಕಥಾಸಂಕಲನಗಳು ಬಹುತೇಕ ಡೆಮಿ 1/8 ಅಳತೆಯವು, ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ರೂಢಿ ತಪ್ಪಿದವರಿಗೆ ಅಂಥ ಒಂದು ಪುಟಕ್ಕೆ ಎರಡರಿಂದ ಮೂರು ನಿಮಿಷ ಬೇಕು. ದಿನಕ್ಕೆ ಅರ್ಧ ಗಂಟೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಹತ್ತು ಹನ್ನೆರಡು ಪುಟ. 150 ಪುಟ ಎರಡು ವಾರದಲ್ಲಿ ಮುಗಿಯುತ್ತದೆ. 600 ಪುಟಕ್ಕೆ ಎರಡು ತಿಂಗಳು, ನಡುವೆ ಒಂದು ಮದುವೆ, ಒಂದು ಜ್ವರ, ಮಕ್ಕಳ ಪರೀಕ್ಷೆ ಬಂದರೆ ಓದು ಅಲ್ಲಿಗೇ ನಿಂತಿತು. ಮತ್ತೆ ಕೈಗೆತ್ತಿಕೊಂಡಾಗ ಯಾರು ಯಾರ ಮಗ ಅನ್ನುವುದೇ ಮರೆತಿರುತ್ತದೆ.

ತೂಕದ್ದೂ ಒಂದು ಲೆಕ್ಕ ಇದೆ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದದಲ್ಲಿ 200 ಪುಟದ ಡೆಮಿ ಪುಸ್ತಕ ಸುಮಾರು 230 ಗ್ರಾಂ ತೂಗುತ್ತದೆ, 600 ಪುಟದ್ದು 650 ಗ್ರಾಂ ದಾಟುತ್ತದೆ. ಈ ಊರಲ್ಲಿ ಜನಕ್ಕೆ ಓದಲು ಸಿಗುವ ಹೊತ್ತು ಅಂದರೆ ಮೆಟ್ರೋ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮಾರ್ಗ 43 ಕಿಲೋಮೀಟರ್ ಇದೆ, ಹೊತ್ತೇನೋ ಧಾರಾಳ. ಆದರೆ ಸೀಟು ಸಿಕ್ಕರೆ ತಾನೆ? ಒಂದು ಕೈ ಮೇಲಿನ ಹಿಡಿಯಲ್ಲಿ, ಇನ್ನೊಂದರಲ್ಲಿ ಪುಸ್ತಕ. ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಪುಟ ತೆರೆದಿಡಲು 250 ಗ್ರಾಂ ಒಳಗಿನದ್ದೇ ವಾಸಿ. ದಪ್ಪ ಪುಸ್ತಕ ಮನೆಯಲ್ಲೇ ಉಳಿಯುತ್ತದೆ, ಮನೆಯಲ್ಲಿ ಫೋನ್ ಗೆಲ್ಲುತ್ತದೆ.

ಈಗ ಸಿನಿಮಾ ವಿಷಯ. ಯಾರಾದರೂ ಒಂದೇ ಪುಸ್ತಕದ ಹೆಸರು ಹೇಳಿ ಅಂದರೆ ನಾನು ಹಿಂದೆ ಮುಂದೆ ನೋಡದೆ ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ಅನ್ನುತ್ತೇನೆ. ತೆಳ್ಳಗಿನ ಕಥಾಸಂಕಲನ. ಅದರೊಳಗಿನ ನಾಲ್ಕು ಕತೆ ಚಲನಚಿತ್ರವಾಗಿವೆ. ಶೀರ್ಷಿಕೆಯ ಕತೆಯನ್ನು 1973ರಲ್ಲಿ ಎನ್. ಲಕ್ಷ್ಮೀನಾರಾಯಣ್ ತೆರೆಗೆ ತಂದರು. 'ತಬರನ ಕಥೆ'ಯನ್ನು ಗಿರೀಶ್ ಕಾಸರವಳ್ಳಿ ಮಾಡಿದರು, ಆ ಚಿತ್ರಕ್ಕೆ ಸ್ವರ್ಣಕಮಲ ಬಂತು, ತಬರನಾದ ಚಾರುಹಾಸನ್‌ಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ. 'ಕುಬಿ ಮತ್ತು ಇಯಾಲ' ಸದಾನಂದ ಸುವರ್ಣ ಅವರದು. ಕೊನೆಗೆ 2023ರಲ್ಲಿ 'ಡೇರ್‌ಡೆವಿಲ್ ಮುಸ್ತಫಾ', ತೇಜಸ್ವಿ ಓದುಗರೇ ಸೇರಿ ದುಡ್ಡು ಹಾಕಿ ಮಾಡಿದ ಸಿನಿಮಾ. ಒಂದೇ ಪುಸ್ತಕದಿಂದ ಐವತ್ತು ವರ್ಷದ ಅಂತರದಲ್ಲಿ ನಾಲ್ಕು ಚಿತ್ರ, ನಾಲ್ಕು ಬೇರೆ ಬೇರೆ ನಿರ್ದೇಶಕರದು. ಅಪ್ಪ ಒಂದನ್ನು ನೋಡಿರುತ್ತಾರೆ, ಮಗಳು ಇನ್ನೊಂದನ್ನು. ಉಡುಗೊರೆಗೆ ಇದಕ್ಕಿಂತ ಇನ್ನೇನು ಬೇಕು?

ಆದರೆ ಸಂಕಲನ ಕೈಗಿಟ್ಟು ಮೊದಲ ಪುಟದಿಂದ ಶುರು ಮಾಡಿ ಅನ್ನಬೇಡಿ. ಕಾಲೇಜು ಹುಡುಗರಿಗೆ ಮುಸ್ತಫಾ ಕತೆಗೆ ಒಂದು ಚೀಟಿ ಇಟ್ಟು ಕೊಡಿ. ಪಿಂಚಣಿಗೋ ಖಾತೆಗೋ ಕಚೇರಿ ಅಲೆದವರಿಗೆ ತಬರ ಸಾಕು. ಸರ್ಕಾರಿ ಕೆಲಸ ಮಾಡಿ ನಿವೃತ್ತನಾದವನಿಗೆ ತನ್ನದೇ ದುಡ್ಡು ಕೈಸೇರದೆ, ಅತ್ತ ಹೆಂಡತಿಯ ಕಾಲು ಕೊಳೆಯುತ್ತಾ ಹೋಗುವ ಕತೆ ಅದು. ಓದು ಬಿಟ್ಟವರು ಕೂಡ ಒಂದೇ ಸಲ ಕೂತು ಮುಗಿಸುತ್ತಾರೆ. ಒಂದು ಕತೆ ಪೂರ್ತಿ ಓದಿದೆ ಅನ್ನುವ ಧೈರ್ಯ ಬಂದರೆ ಎರಡನೆಯದಕ್ಕೆ ನಿಮ್ಮ ಚೀಟಿ ಬೇಕಿಲ್ಲ.

ಮೊದಲು ಓದಬೇಕಾ, ನೋಡಬೇಕಾ? ಅಭ್ಯಾಸ ಇರುವವರು ಮೊದಲು ಓದಲಿ. ಇಲ್ಲದವರು ಧಾರಾಳವಾಗಿ ಮೊದಲು ನೋಡಲಿ. ಸಿನಿಮಾ ನೋಡಿದ ಮೇಲೆ ಪುಸ್ತಕದ ಪಾತ್ರಕ್ಕೆಲ್ಲ ನಟರ ಮುಖವೇ ಬಂದುಬಿಡುತ್ತದೆ ಅನ್ನುವ ಆಕ್ಷೇಪ ನಿಜವೇ. ಆದರೆ ಓದು ಬಿಟ್ಟವರಿಗೆ ಆ ಮುಖವೇ ಊರುಗೋಲು. ಹೆಸರು, ಊರು, ನೆಂಟಸ್ತಿಕೆ ಮೊದಲೇ ಗೊತ್ತಿದ್ದರೆ ಗಮನವೆಲ್ಲ ಭಾಷೆಯ ಕಡೆ ಹೋಗುತ್ತದೆ. ನೋಡಿ, ಓದಿ, ಮತ್ತೆ ನೋಡಿದರೆ ಇನ್ನೂ ಚೆನ್ನ. ಅನಂತಮೂರ್ತಿಯವರ 'ಘಟಶ್ರಾದ್ಧ' ಚಿಕ್ಕ ಹುಡುಗನೊಬ್ಬನ ಕಣ್ಣಿನಿಂದ ನಡೆಯುವ ಕತೆ. 1977ರ ಕಾಸರವಳ್ಳಿ ಚಿತ್ರದಲ್ಲಿ ಆ ಹುಡುಗ ಎಷ್ಟು ಹೊತ್ತು ಸುಮ್ಮನೆ ನೋಡುತ್ತಾ ನಿಲ್ಲುತ್ತಾನೆ ಅನ್ನುವುದು ಕತೆ ಓದಿದ ಮೇಲೇ ಲೆಕ್ಕಕ್ಕೆ ಸಿಗುವುದು. ಇದರ ಸಂಸ್ಕರಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಶಿವರಾಮ ಕಾರಂತರ 'ಚೋಮನ ದುಡಿ'ಯದು ತಿರುಗುಮುರುಗು. 1933ರ ಕಾದಂಬರಿಯಲ್ಲಿ ದುಡಿಯ ಸದ್ದನ್ನು ನಾವೇ ಕಲ್ಪಿಸಿಕೊಳ್ಳಬೇಕು. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಕಿವಿಗೇ ಕೇಳಿಸಿದರು. ಇಲ್ಲಿ ಮೊದಲು ಸಿನಿಮಾ ನೋಡಿದರೆ ನಷ್ಟ ಇಲ್ಲ, ಲಾಭವೇ.

ಸಣ್ಣ ಕತೆ, ಚಿಕ್ಕ ಕಾದಂಬರಿಗಳೇ ಯಾಕೆ ತೆರೆಗೆ ಹೆಚ್ಚು ಒಗ್ಗುತ್ತವೆ ಅಂದರೆ, ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಹೆಚ್ಚುಕಮ್ಮಿ ಒಂದು ನಿಮಿಷ ಅನ್ನುವುದು ಆ ಕಸುಬಿನವರ ಅಂದಾಜು. ಎರಡು ಗಂಟೆಗೆ 120 ಪುಟ, ಅದರಲ್ಲೂ ಅರ್ಧ ಖಾಲಿ ಜಾಗ. ಇಪ್ಪತ್ತು ಮೂವತ್ತು ಪುಟದ ಕತೆ ಅಲ್ಲಿ ಕೈಕಾಲು ಚಾಚಬಹುದು. ಆರುನೂರು ಪುಟದ ಕಾದಂಬರಿಗೆ ಕತ್ತರಿಯೇ ಗತಿ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯನ್ನು 1999ರಲ್ಲಿ ಕಾರ್ನಾಡರು ತೆರೆಗೆ ತಂದಾಗ ಒಂದು ಕಾಡಿನಷ್ಟು ಪಾತ್ರಗಳಲ್ಲಿ ಕೆಲವನ್ನು ಆರಿಸಿಕೊಳ್ಳದೆ ಬೇರೆ ದಾರಿ ಇರಲಿಲ್ಲ. 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಸಿ. ಬಸವಲಿಂಗಯ್ಯ ರಂಗಕ್ಕೆ ತಂದಾಗ ಪ್ರೇಕ್ಷಕರು ರಾತ್ರಿಯಿಡೀ ಕೂರಬೇಕಾಯಿತು, ನಮ್ಮ ಕಲಾಗ್ರಾಮದಲ್ಲಿ ಜನ ಕೂತರು ಕೂಡ. ಭೈರಪ್ಪನವರ 'ಗೃಹಭಂಗ' ಧಾರಾವಾಹಿಯಾಗಿ ಬಂತು, ಅದೇ ಸರಿಯಾದ ದಾರಿ. ಇದಕ್ಕೆ ಅಪವಾದ ಇಲ್ಲವೆಂದಲ್ಲ. ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ 1972ರಲ್ಲಿ ಒಂದೇ 'ನಾಗರಹಾವು' ಮಾಡಿದರು. ಸಿನಿಮಾ ಗೆದ್ದಿತು. ಆದರೆ ಅದನ್ನು ನೋಡಿ ಪುಸ್ತಕ ಕೊಡುವವರು ಒಂದು ಸಂಪುಟ ಕೊಟ್ಟರೆ ಕತೆ ಮೂರರಲ್ಲಿ ಒಂದು ಪಾಲು ಅಷ್ಟೇ ಸಿಗುತ್ತದೆ. 'ಒಂದು ಗಂಡು ಎರಡು ಹೆಣ್ಣು' ಮತ್ತು 'ಸರ್ಪಮತ್ಸರ'ವನ್ನೂ ಸೇರಿಸಿ ಕೊಡಬೇಕು.

ಹೆಸರಿನ ತೊಡಕೂ ಇದೆ. 'ಹಸೀನಾ' ಸಿನಿಮಾ ಮೆಚ್ಚಿ ಅಂಗಡಿಯಲ್ಲಿ ಹಸೀನಾ ಕೊಡಿ ಅಂದರೆ ಸಿಗುವುದಿಲ್ಲ. ಅದು ಬಾನು ಮುಷ್ತಾಕ್ ಅವರ 'ಕರಿನಾಗರಗಳು' ಕತೆ. 2025ರ ಅಂತರರಾಷ್ಟ್ರೀಯ ಬೂಕರ್ ಪಡೆದ ಇಂಗ್ಲಿಷ್ ಸಂಕಲನದಲ್ಲೂ ಆ ಕತೆ ಇದೆ, ಆದ್ದರಿಂದ ಕನ್ನಡ ಓದಲು ಬಾರದ ಪಕ್ಕದ ಮನೆಯವರಿಗೂ ಕೊಡಬಹುದು. ಅಂಗಡಿಗೆ ಹೋಗುವ ಮೊದಲು ಚಿತ್ರದ ಟೈಟಲ್ ಕಾರ್ಡಿನಲ್ಲಿ ಮೂಲ ಕತೆಯ ಹೆಸರು ನೋಡಿಕೊಳ್ಳಿ.

ಅಮ್ಮ, ಅತ್ತೆ, ದೊಡ್ಡಮ್ಮಂದಿರಿಗೆ ತ್ರಿವೇಣಿ, ಎಂ.ಕೆ. ಇಂದಿರಾ ಕೊಡಿ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. 'ಶರಪಂಜರ', 'ಬೆಳ್ಳಿಮೋಡ', 'ಫಣಿಯಮ್ಮ', 'ಗೆಜ್ಜೆಪೂಜೆ' ಎಲ್ಲವೂ ಅವರು ನೋಡಿದ ಸಿನಿಮಾಗಳೇ. (ತ್ರಿವೇಣಿ 1963ರಲ್ಲೇ ತೀರಿಕೊಂಡರು. 'ಶರಪಂಜರ'ದಲ್ಲಿ ಕಲ್ಪನಾರ ಕಾವೇರಿಯನ್ನು ನಾಡೆಲ್ಲ ನೋಡಿತು, ಬರೆದವರು ನೋಡಲಿಲ್ಲ.) ಆದರೆ ಇಲ್ಲಿ ಲೇಖಕಿಗಿಂತ ಅಕ್ಷರದ ಗಾತ್ರ ಮುಖ್ಯ. ಕನ್ನಡಕ್ಕೆ ಒತ್ತಕ್ಷರ ಇರುವುದರಿಂದ ಸಾಲಿನ ನಡುವೆ ಜಾಗ ಬೇಕೇ ಬೇಕು. ಪುಟ ಉಳಿಸಲು ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಿದ ಮುದ್ರಣದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿಸಿಗೆ ತಾಗುತ್ತದೆ, ಪೊರೆ ಬಂದ ಕಣ್ಣಿಗೆ ಎರಡೂ ಕಲೆಸಿಹೋಗುತ್ತವೆ. ಒಂದೇ ಕಾದಂಬರಿಯ ಎರಡು ಮುದ್ರಣ ಸಿಕ್ಕರೆ ಹೆಚ್ಚು ಪುಟ ಇರುವುದನ್ನೇ ತೆಗೆದುಕೊಳ್ಳಿ. ಹಾಗಂತ ಫೋನಿಗೆ ಪಿಡಿಎಫ್ ಕಳಿಸಿ ಕೈತೊಳೆದುಕೊಳ್ಳಬೇಡಿ. ಪಿಡಿಎಫ್‌ನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯ ಆಚೆ ಓಡುತ್ತದೆ, ಪ್ರತಿ ಸಾಲಿಗೂ ಬೆರಳು ಎಡಕ್ಕೆ ಬಲಕ್ಕೆ ಎಳೆಯಬೇಕು. ಇ-ಪುಸ್ತಕಕ್ಕೆಂದೇ ಇರುವ ಇ-ಪಬ್ ಕಡತ ಆದರೆ ಸಾಲು ತಾನೇ ಮಡಚಿಕೊಳ್ಳುತ್ತದೆ.

ಅಂಗಡಿಯಲ್ಲಿ ಐದು ನಿಮಿಷ ಕೊಡಿ. ಗಾಂಧಿ ಬಜಾರಿನ ಅಂಕಿತದಲ್ಲೋ, ಗಾಂಧಿನಗರದ ಸಪ್ನದಲ್ಲೋ ಪುಸ್ತಕ ಕೈಗೆತ್ತಿಕೊಂಡ ಕೂಡಲೇ ಶೀರ್ಷಿಕೆ ಪುಟದ ಹಿಂಬದಿ ನೋಡಿ. ಎಷ್ಟನೇ ಮುದ್ರಣ, ಯಾವ ವರ್ಷ, ಎಷ್ಟು ಪುಟ, ಎಂಥ ಕಾಗದ, ನಮ್ಮ ಪ್ರಕಾಶಕರಲ್ಲಿ ಬಹಳ ಮಂದಿ ಅದನ್ನೆಲ್ಲ ಅಲ್ಲೇ ಹಾಕಿರುತ್ತಾರೆ. ಆಮೇಲೆ ಪುಟಸಂಖ್ಯೆ ಸರಸರ ತಿರುವಿ. ಪುಸ್ತಕ ಸಾಮಾನ್ಯವಾಗಿ ಹದಿನಾರು ಪುಟದ ಫಾರಂಗಳಲ್ಲಿ ಅಚ್ಚಾಗುತ್ತದೆ, ಬೈಂಡಿಂಗ್‌ನಲ್ಲಿ ಒಂದು ಫಾರಂ ಬಿಟ್ಟುಹೋದರೆ 64ರ ಮುಂದೆ ನೇರ 81 ಬರುತ್ತದೆ. ಅದೇ ಫಾರಂ ಎರಡು ಸಲ ಸೇರಿರುವುದೂ ಉಂಟು. ಉಡುಗೊರೆ ಪಡೆದವರು ಇದನ್ನು ನಿಮಗೆ ಹೇಳುವುದಿಲ್ಲ, ಸಂಕೋಚ. ಓದು ಅಲ್ಲಿಗೆ ಮುಗಿಯಿತು. ಬೆನ್ನಿನ ಮೇಲ್ತುದಿ ನೋಡಿದರೆ ಮಡಿಕೆ ಮಡಿಕೆಯಾಗಿ ಕಂಡರೆ ಹೊಲಿಗೆ, ನೆಟ್ಟಗೆ ಕತ್ತರಿಸಿದ ಹಾಗಿದ್ದರೆ ಬರೀ ಅಂಟು. ಅಂಟಿನದನ್ನು ಮಧ್ಯಕ್ಕೆ ತೆರೆದು ಒತ್ತಿದರೆ ಬೆನ್ನು ಸೀಳುತ್ತದೆ. ಮುಂದಿನಿಂದ ಹತ್ತು ಹಾಳೆ, ಹಿಂದಿನಿಂದ ಹತ್ತು ಹಾಳೆ ಹೀಗೆ ಬಿಡಿಸುತ್ತಾ ಮಧ್ಯಕ್ಕೆ ಬಂದರೆ ಬಾಳುತ್ತದೆ. ಅವೆನ್ಯೂ ರಸ್ತೆಯಲ್ಲೋ ಚರ್ಚ್ ಸ್ಟ್ರೀಟಿನ ಬ್ಲಾಸಮ್‌ನಲ್ಲೋ ಹಳೆಯದನ್ನು ಕೊಳ್ಳುವಾಗ ಇನ್ನೂ ಎರಡು ಕೆಲಸ: ಕೊನೆಯ ಹಾಳೆ ಇದೆಯಾ ನೋಡುವುದು, ಮೂಗಿಗೆ ಹಿಡಿದು ಮುಗ್ಗಲು ವಾಸನೆ ಇದೆಯಾ ನೋಡುವುದು. ಮುಗ್ಗಲು ಹಿಡಿದ ಪುಸ್ತಕವನ್ನು ಇನ್ನೊಬ್ಬರ ಕಪಾಟಿಗೆ ಸೇರಿಸಬೇಡಿ, ಪಕ್ಕದವಕ್ಕೂ ಹಬ್ಬುತ್ತದೆ.

ಮಕ್ಕಳ ವಿಷಯ ಬೇರೆಯೇ. ಬೆಂಗಳೂರಿನ ಎಷ್ಟೋ ಮಕ್ಕಳಿಗೆ ಕನ್ನಡ ಮಾತು ಸಲೀಸು, ಅಕ್ಷರ ಕಷ್ಟ. ಹನ್ನೆರಡು ವರ್ಷದವನಿಗೆ ಅವನ ವಯಸ್ಸಿನ ಕಾದಂಬರಿ ಕೊಟ್ಟರೆ ಓದಲಾಗದು, ಪುಟ್ಟ ಮಕ್ಕಳ ಚಿತ್ರಪುಸ್ತಕ ಕೊಟ್ಟರೆ ಅವಮಾನ. ಇಲ್ಲೇ ಹುಟ್ಟಿದ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕತೆಗಳನ್ನು ನಾಲ್ಕು ಹಂತಕ್ಕೆ ವಿಂಗಡಿಸಿದ್ದಾರೆ, ಕನ್ನಡದವೂ ಬೇಕಾದಷ್ಟಿವೆ, ಕಾಸಿಲ್ಲ. ಮಗು ಎಡವದೆ ಓದುವ ಹಂತ ಯಾವುದು ಅಂತ ಅಲ್ಲಿ ಮೊದಲು ನೋಡಿಕೊಂಡು, ಅದೇ ಹಂತದ ಅಚ್ಚಿನ ಪುಸ್ತಕ ಕೊಳ್ಳಿ. ವಿಜ್ಞಾನ, ಪ್ರಾಣಿ, ಆಟದ ವಿಷಯದ್ದಾದರೆ ವಾಕ್ಯ ಚಿಕ್ಕದಿದ್ದರೂ ದೊಡ್ಡ ಮಕ್ಕಳಿಗೆ ಮುಜುಗರ ಆಗುವುದಿಲ್ಲ.

ದುಡ್ಡಿನ ಮಾತು. ತೆಳ್ಳಗಿನ ಪುಸ್ತಕಕ್ಕೆ ಬೆಲೆ ಕಮ್ಮಿ, ಗೃಹಪ್ರವೇಶಕ್ಕೆ ಇಷ್ಟು ಕಮ್ಮಿಯದು ಕೊಟ್ಟರೆ ಏನಂದುಕೊಂಡಾರೋ ಅನ್ನುವ ಭಯದಲ್ಲೇ ಜನ ದಪ್ಪ ಸಂಪುಟಕ್ಕೆ ಕೈ ಹಾಕುವುದು. ಅಷ್ಟೇ ದುಡ್ಡಿಗೆ ಮೂರು ತೆಳ್ಳಗಿನದು ಕಟ್ಟಿಸಿ, ಮನೆಯಲ್ಲಿ ಮೂವರಿಗೆ ಒಂದೊಂದು. ಹೆಸರು, ಹಾರೈಕೆಯನ್ನು ಪುಸ್ತಕದ ಮೇಲೆ ಬರೆಯುವ ಮುಂಚೆ ಅವರಲ್ಲಿ ಆ ಪುಸ್ತಕ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ, ಬರೆದದ್ದನ್ನು ಅಂಗಡಿಯವರು ಬದಲಿಸಿ ಕೊಡುವುದಿಲ್ಲ. ಖಾತ್ರಿ ಇಲ್ಲದಿದ್ದರೆ ಬೇರೆ ಕಾರ್ಡಿನಲ್ಲಿ ಬರೆದು ಒಳಗಿಡಿ, ಬಿಲ್ಲನ್ನು ನೀವೇ ಇಟ್ಟುಕೊಳ್ಳಿ.

ಬೇರೆ ಊರಿಗೆ ಕಳಿಸುವವರಿಗೆ: 2025ರ ಮೇ 1ರಿಂದ ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಇದೆ. ಶುರುವಾದಾಗಿನ ದರದಂತೆ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು. ನಿಯತಕಾಲಿಕೆ, ಜಾಹೀರಾತಿನ ಸರಕು ಇದರಲ್ಲಿ ಹೋಗುವುದಿಲ್ಲ. ರೈಲು, ಲಾರಿಯ ಮೇಲೆ ಹೋಗುವುದರಿಂದ ನಿಧಾನ, ಹುಟ್ಟುಹಬ್ಬದ ಹಿಂದಿನ ದಿನ ಹಾಕಿ ಗೊಣಗಬೇಡಿ. ಮೊದಲು ಪ್ಲಾಸ್ಟಿಕ್ ಹಾಳೆ ಸುತ್ತಿ, ಆಮೇಲೆ ಎರಡೂ ಬದಿಗೆ ಪುಸ್ತಕಕ್ಕಿಂತ ಅರ್ಧ ಇಂಚು ದೊಡ್ಡ ರಟ್ಟು ಇಡಿ, ಏಟು ಬೀಳುವುದು ಮೂಲೆಗಳಿಗೇ. 230 ಗ್ರಾಮಿನ ಪುಸ್ತಕ ರಟ್ಟು ಸೇರಿಯೂ 300ರ ಒಳಗೇ ನಿಲ್ಲುತ್ತದೆ, ಕೌಂಟರಿಗೆ ಹೋಗುವ ಮೊದಲು ಅಡುಗೆಮನೆ ತಕ್ಕಡಿಯಲ್ಲಿ ಒಮ್ಮೆ ತೂಗಿಕೊಳ್ಳಿ.